ಕಬ್ಬಿಣ ಕಳಕೊಂಡ ಕಮ್ಮಾರರು

ಛತ್ತೀಸ್‌ಗಢದ ರಾಯಪುರದಿಂದ ಜಗದಲ್‌ಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಕೊಂಡಗಾಂವ್ ಅಂತ ಒಂದು ಊರಿದೆ. ಹಿಂದೆ ಬಸ್ತರ್ ಸಂಸ್ಥಾನಕ್ಕೆ ಸೇರಿದ್ದ ಊರು. ಇಲ್ಲಿನ ರಸ್ತೆ ಬದಿಯಲ್ಲಿ ಕಬ್ಬಿಣದ ಜಿಂಕೆ, ಕುದುರೆ, ನವಿಲು, ಹಕ್ಕಿ ಕೂತ ಮರ, ಡೋಲು ಬಡಿಯುವ ಸಣಕಲು ಕಾಲಿನ ಮನುಷ್ಯರ ಗೊಂಬೆಗಳನ್ನು ಮಾರಾಟಕ್ಕೆ ಇಟ್ಟಿರುತ್ತಾರೆ. ಪಟ್ಟಣದವರು ಕಾರು ನಿಲ್ಲಿಸಿ, ತಮ್ಮ ಮನೆಯ ಕೈತೋಟಕ್ಕೆ, ಹೋಟೆಲಿನ ಹುಲ್ಲುಹಾಸಿಗೆ ಅಂತ ಆರಿಸಿಕೊಳ್ಳುತ್ತಾರೆ. ಆಮೇಲೆ ಚೌಕಾಸಿ ಶುರುವಾಗುತ್ತದೆ. ‘ಗುಜರಿ ಕಬ್ಬಿಣ ತಾನೆ, ಇದಕ್ಕೇನು ಇಷ್ಟೊಂದು?’ ಅನ್ನುವುದು ಎಲ್ಲ ಕಡೆ ಕೇಳುವ ಮಾತು.

ಈ ಮಾತಿಗೆ ನಾವು ಉತ್ತರ ಹುಡುಕಬೇಕಾಗಿದೆ. ಕೊಳ್ಳುವವನು ಜಿಪುಣ, ಅದಕ್ಕೇ ಬೆಲೆ ಕಡಿಮೆ ಅಂದರೆ ಪೂರ್ತಿ ನಿಜ ಹೇಳಿದ ಹಾಗೆ ಆಗುವುದಿಲ್ಲ. ಕಬ್ಬಿಣದ ಅದಿರಿನ ಬೆಟ್ಟಗಳೇ ಇರುವ ನಾಡಿನಲ್ಲಿ ಕಮ್ಮಾರ ಗುಜರಿ ಅಂಗಡಿಯಿಂದ ಹಳೇ ಕಬ್ಬಿಣ ಕೊಂಡು ತಂದು ಯಾಕೆ ಬಡಿಯಬೇಕಾಯಿತು? ಅವನ ಬೆಟ್ಟ ಎಲ್ಲಿ ಹೋಯಿತು? ಅವನ ಇದ್ದಿಲು ಎಲ್ಲಿ ಹೋಯಿತು? ಇದನ್ನು ಕೇಳದೆ ಜಿಂಕೆಯ ಬೆಲೆ ಅರ್ಥವಾಗುವುದಿಲ್ಲ.

ಮೊದಲು ಕೆಲಸ ಹೇಗೆ ನಡೆಯುತ್ತದೆ ಅನ್ನೋದನ್ನು ನೋಡೋಣ. ಬಸ್ತರಿನ ಲೋಹಾರರು ಹಳೇ ಸರಳು, ತಗಡು ತಂದು ಇದ್ದಿಲಿನ ಕುಲುಮೆಯಲ್ಲಿ ಕೆಂಪಗೆ ಕಾಯಿಸುತ್ತಾರೆ. ಅಡಿಗಲ್ಲಿನ ಮೇಲಿಟ್ಟು ಒಬ್ಬರು ಇಕ್ಕಳದಲ್ಲಿ ಹಿಡಿದರೆ ಇನ್ನೊಬ್ಬರು ಸುತ್ತಿಗೆಯಿಂದ ಬಡಿಯುತ್ತಾರೆ. ಇದಕ್ಕೆ ಅಚ್ಚಿಲ್ಲ, ಎರಕವಿಲ್ಲ. ಅದೇ ಸೀಮೆಯ ಘಡ್ವಾ ಜನ ಮೇಣದ ಅಚ್ಚು ಮಾಡಿ ಹಿತ್ತಾಳೆ ಎರಕ ಹೊಯ್ಯುತ್ತಾರೆ, ಅದು ಬೇರೆ ಕಸುಬು. ಲೋಹಾರರದು ಬಡಿತದ ಕೆಲಸ. ಸರಳನ್ನು ಬಡಿದು ಚಪ್ಪಟೆ ಮಾಡಿ, ಉಳಿಯಿಂದ ಸೀಳಿ, ಬಾಗಿಸಿ, ಅದರಿಂದಲೇ ಕಾಲು, ಕೊಂಬು, ಬಾಲ ಎಳೆಯುತ್ತಾರೆ. ಹಳೇ ಪದ್ಧತಿಯಲ್ಲಿ ಬೆಸುಗೆ ಕೂಡ ಇರಲಿಲ್ಲ. ಕಬ್ಬಿಣ ಆರಿದರೆ ಮತ್ತೆ ಬೆಂಕಿಗೆ, ಮತ್ತೆ ಬಡಿತಕ್ಕೆ.

ಈಗ ಒಂದು ಲೆಕ್ಕ ಹಾಕಿ. ಒಂದು ದೊಡ್ಡ ಜಿಂಕೆಗೆ ಇಬ್ಬರು ಎರಡು ದಿನ ದುಡಿದರು ಅಂತ ಇಟ್ಟುಕೊಳ್ಳಿ. ನಾಲ್ಕು ಆಳು ಕೂಲಿ ಆಯಿತು. 2024-25ರಲ್ಲಿ ಛತ್ತೀಸ್‌ಗಢದಲ್ಲಿ ಉದ್ಯೋಗ ಖಾತರಿ ಕೆಲಸದ ದಿನಗೂಲಿ 243 ರೂಪಾಯಿ ಇತ್ತು. ಹಾರೆ ಗುದ್ದಲಿ ಹಿಡಿದು ಮಣ್ಣು ಅಗೆಯುವವರಿಗೆ ಸರ್ಕಾರ ಕೊಟ್ಟ ಈ ಕೂಲಿಯನ್ನೇ ಹಿಡಿದರೂ 972 ರೂಪಾಯಿ ಆಯಿತು. ಗುಜರಿಯ ಬೆಲೆ, ಇದ್ದಿಲು, ಮೆರುಗೆಣ್ಣೆ, ಸಾಗಾಟ ಇನ್ನೂ ಸೇರಿಲ್ಲ. ತಲೆಮಾರುಗಳಿಂದ ಬಂದ ಕೈಚಳಕಕ್ಕೆ ಒಂದು ಪೈಸೆಯನ್ನೂ ಹಿಡಿದಿಲ್ಲ. ತಿದಿ ಒತ್ತಿದ ಮನೆಯ ಹೆಂಗಸಿನ ಕೂಲಿ ಈ ಲೆಕ್ಕದೊಳಗೆ ಬಂದೇ ಇಲ್ಲ. ಅಂಥ ಜಿಂಕೆಯನ್ನು ಒಬ್ಬ ‘ಆರುನೂರಕ್ಕೆ ಕೊಡ್ತೀಯಾ?’ ಅಂತ ಕೇಳಿದರೆ ಅವನು ಕಲೆಯನ್ನು ಅಗ್ಗಕ್ಕೆ ಕೇಳುತ್ತಿಲ್ಲ, ಎರಡು ದಿನದ ಬಿಟ್ಟಿ ಕೇಳುತ್ತಿದ್ದಾನೆ. ಸಂಜೆಗೆ ಅಕ್ಕಿ ಕೊಳ್ಳಬೇಕಾದವನು ಒಪ್ಪಿಬಿಡುತ್ತಾನೆ. ಇದನ್ನೇ ಅರ್ಥಶಾಸ್ತ್ರದ ಪುಸ್ತಕಗಳು ‘ಇಬ್ಬರೂ ಒಪ್ಪಿದ ಬೆಲೆ’ ಅನ್ನುವುದು.

ಈ ಗೊಂಬೆಗಳು ಮೊದಲಿನಿಂದ ತೋಟದ ಅಲಂಕಾರಕ್ಕೆ ಹುಟ್ಟಿದವಲ್ಲ. ಲೋಹಾರ ಊರಿನ ಕಮ್ಮಾರ. ನೇಗಿಲ ಕುಳ, ಕೊಡಲಿ, ಕುಡುಗೋಲು, ಬಾಣದ ಮೊನೆ ಮಾಡಿಕೊಡುವವನು. ನಮ್ಮ ಕಡೆ ಆಯಗಾರ ಕಮ್ಮಾರನಿಗೆ ಸುಗ್ಗಿಯಲ್ಲಿ ಕಾಳು ಅಳೆದು ಕೊಡುತ್ತಿದ್ದ ಹಾಗೆ ಅವನಿಗೂ ಬೆಳೆಯಲ್ಲಿ ಪಾಲು. ಮದುವೆಗೆ ಕಬ್ಬಿಣದ ದೀಪ ಮಾಡುತ್ತಿದ್ದ. ಆ ದೀಪದ ಕಂಬದ ಮೇಲೆ ಹಕ್ಕಿ, ಜಿಂಕೆ ಕೂರುತ್ತಿದ್ದವು. ಹರಕೆಯ ಕುದುರೆ, ತ್ರಿಶೂಲ ಮಾಡುತ್ತಿದ್ದ. ಮೈಮೇಲೆ ದೇವರು ಬರುವ ಸಿರಹಾ ಬೆನ್ನಿಗೆ ಹೊಡೆದುಕೊಳ್ಳುವ ಸರಪಳಿಯೂ ಅವನ ಕುಲುಮೆಯದೇ. ಉಳುವ ಹೊಲದಿಂದ ದೇವರ ಗುಡಿವರೆಗೆ ಅವನಿಲ್ಲದೆ ಊರು ನಡೆಯುತ್ತಿರಲಿಲ್ಲ. ಹಾಗಂತ ಊರು ಅವನನ್ನು ಸಮನಾಗಿ ಕೂರಿಸಿಕೊಂಡಿತೇ? ಅದೂ ಇಲ್ಲ. ಆದಿವಾಸಿ ಸಮಾಜದೊಳಗೂ ಕಮ್ಮಾರ, ಎರಕ ಹೊಯ್ಯುವವ ಒಂದು ಮೆಟ್ಟಿಲು ಕೆಳಗೇ ಇದ್ದರು. ಹಳೆಯದೆಲ್ಲ ಚಿನ್ನ ಅಂತ ಹಾಡುವುದು ನಮ್ಮ ಕೆಲಸವಲ್ಲ. ಆದರೆ ಆ ಹಳೆಯ ಕಾಲದಲ್ಲಿ ಅವನ ಕೈಯಲ್ಲಿ ಒಂದು ವಸ್ತು ಇತ್ತು, ಅದು ಈಗಿಲ್ಲ. ಆ ವಸ್ತು ಕಬ್ಬಿಣ.

ಮಧ್ಯ ಇಂಡಿಯಾದ ಬೆಟ್ಟಗಳಲ್ಲಿ ಅದಿರನ್ನು ಕರಗಿಸಿ ಕಬ್ಬಿಣ ತೆಗೆಯುತ್ತಿದ್ದ ಜನರಲ್ಲಿ ಅಗರಿಯಾ ಎಂಬ ಆದಿವಾಸಿಗಳು ಮುಖ್ಯರು. ಬಸ್ತರಿನಲ್ಲೂ ನೆಲದ ಅದಿರನ್ನೇ ಕರಗಿಸುವ ಕಮ್ಮಾರರಿದ್ದರು. ಜೇಡಿಮಣ್ಣಿನಿಂದ ಕಟ್ಟಿದ ಸಣ್ಣ ಕುಲುಮೆ, ಅದರೊಳಗೆ ಅದಿರು ಮತ್ತು ಇದ್ದಿಲು. ಗಂಡಸರು ಕರಗಿಸುವ ಕೆಲಸ ನೋಡಿಕೊಂಡರೆ ಹೆಂಗಸರು ತಿದಿ ಒತ್ತಿ ಗಾಳಿ ಕೊಡುತ್ತಿದ್ದರು. ವೆರಿಯರ್ ಎಲ್ವಿನ್ 1942ರಲ್ಲಿ ಅಗರಿಯಾ ಜನರ ಬಗ್ಗೆ ದೊಡ್ಡ ಪುಸ್ತಕವನ್ನೇ ಬರೆದರು. ಅವರ ಕುಲುಮೆಯ ದೇವರ ಹೆಸರು ಲೋಹಾಸುರ. ಬೆಂಕಿಯ ದೇವರು ಅಗ್ಯಾಸುರ, ಇದ್ದಿಲಿನ ದೇವರು ಕೋಯ್ಲಾಸುರ. ನಮ್ಮ ಪುರಾಣಗಳಲ್ಲಿ ಅಸುರ ಅಂದರೆ ಕೊಲ್ಲಿಸಿಕೊಳ್ಳುವುದಕ್ಕೆ ಹುಟ್ಟಿದವನು. ಈ ಜನರಿಗೆ ಅಸುರ ಅಂದರೆ ಅನ್ನ ಕೊಡುವ ಕಸುಬಿನ ದೈವ. ಪುರಾಣ ಬರೆದವರು ಯಾರು, ಅದರಲ್ಲಿ ಸತ್ತವರು ಯಾರು ಅನ್ನೋದನ್ನು ಶಾಲೆಯ ಮಕ್ಕಳಿಗೆ ತಿಳಿಸುವುದಕ್ಕೆ ಇಷ್ಟು ಸಾಕು.

ಈ ವಿದ್ಯೆ ನಮಗೆ ಹೊರಗಿನದೇನಲ್ಲ. 1800ರಲ್ಲಿ, ಟಿಪ್ಪು ಸತ್ತ ಮರುವರ್ಷ, ಫ್ರಾನ್ಸಿಸ್ ಬುಕಾನನ್ ಕಂಪನಿ ಸರ್ಕಾರದ ಪರವಾಗಿ ಮೈಸೂರು ಸೀಮೆ ಸುತ್ತಿದಾಗ ಇಲ್ಲಿ ಕಬ್ಬಿಣ, ಉಕ್ಕು ಮಾಡುವ ಕುಲುಮೆಗಳನ್ನು ಕಂಡು ವಿವರವಾಗಿ ಬರೆದುಕೊಂಡ. ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿ ಎಳೆಯುವವರನ್ನೂ ಅವನು ಕಂಡ. ನಮ್ಮ ‘ಉಕ್ಕು’ ಎಂಬ ಮಾತೇ ಯುರೋಪಿಯನ್ನರ ಬಾಯಲ್ಲಿ ‘ವೂಟ್ಜ್’ ಆಯಿತು ಅಂತ ಹೇಳುತ್ತಾರೆ. ವಿದ್ಯುತ್ತಿನ ಮೇಲೆ ಕೆಲಸ ಮಾಡಿ ಹೆಸರಾದ ಮೈಕೇಲ್ ಫ್ಯಾರಡೆ 1818ರಿಂದ 1822ರವರೆಗೆ ಈ ಉಕ್ಕಿನ ಗುಣವನ್ನು ಪರೀಕ್ಷೆ ಮಾಡಿದ. ಲಂಡನ್ನಿನ ವಿಜ್ಞಾನಿ ನಾಲ್ಕು ವರ್ಷ ತಲೆ ಕೆಡಿಸಿಕೊಂಡ ವಸ್ತುವನ್ನು ಓದು ಬರಹ ಬಾರದ, ಶಾಸ್ತ್ರ ಓದಲು ಹಕ್ಕಿಲ್ಲದ ಕೈಗಳು ಮಾಡುತ್ತಿದ್ದವು. ಇದನ್ನು ಯಾವ ಪಂಡಿತನೂ ಗ್ರಂಥ ಮಾಡಲಿಲ್ಲ. ಮಾಡುವವನಿಗೆ ಅಕ್ಷರ ಕೊಡಲಿಲ್ಲ, ಅಕ್ಷರ ಇದ್ದವನು ಕುಲುಮೆಯ ಹತ್ತಿರ ಬರಲಿಲ್ಲ. ಹಾಗಾಗಿ ಕುಲುಮೆ ಆರಿದಾಗ ವಿದ್ಯೆಯೂ ಆರಿಹೋಯಿತು.

ಕುಲುಮೆ ತಾನಾಗಿ ಆರಲಿಲ್ಲ, ಆರಿಸಿದರು. ಕಬ್ಬಿಣ ಕರಗಿಸಲು ಅದಿರಿಗಿಂತ ಹೆಚ್ಚಾಗಿ ಇದ್ದಿಲು ಬೇಕು, ಇದ್ದಿಲಿಗೆ ಕಾಡು ಬೇಕು. ಬ್ರಿಟಿಷರು 1865ರಲ್ಲಿ ಒಂದು, 1878ರಲ್ಲಿ ಇನ್ನೊಂದು ಅರಣ್ಯ ಕಾಯ್ದೆ ತಂದು ಕಾಡಿಗೆ ಬೇಲಿ ಹಾಕಿದರು. ರೈಲಿನ ಹಳಿ ಕೆಳಗೆ ಹಾಕುವ ದಿಮ್ಮಿಗೆ ಮರ ಬೇಕಿತ್ತು, ಆದ್ದರಿಂದ ಕಮ್ಮಾರನ ಇದ್ದಿಲು ಕಳ್ಳಮಾಲಾಯಿತು. ಕೆಲವು ಕಡೆ ಕಾಡಿಗೆ ಹೋಗಲು ಬಿಟ್ಟರೂ ಒಂದೊಂದು ಕುಲುಮೆಗೂ ಭಾರೀ ತೆರಿಗೆ ಹೇರಿದರು. ಇನ್ನೊಂದು ಕಡೆಯಿಂದ ಇಂಗ್ಲೆಂಡಿನ ಕಾರ್ಖಾನೆಯ ಕಬ್ಬಿಣ ಹಡಗಿನಲ್ಲಿ ಬಂದು, ರೈಲಿನಲ್ಲಿ ಒಳನಾಡಿಗೆ ಹೋಗಿ ಸಂತೆಯಲ್ಲಿ ಕೂತಿತು. ಊರಿನ ಕಮ್ಮಾರರೇ ಆ ಕಬ್ಬಿಣ ಕೊಂಡು ಬಡಿಯತೊಡಗಿದರು. ಅದಿರು ಕರಗಿಸುವವನು ಬೇಡವಾದ. ಕಾಡು, ತೆರಿಗೆ, ಹಡಗು, ಈ ಮೂರು ಕಡೆಯ ಹೊಡೆತಕ್ಕೆ ಕರಗಿಸುವ ಕುಲುಮೆಗಳು ಒಂದೊಂದಾಗಿ ತಣ್ಣಗಾದವು.

ಇಲ್ಲಿ 1904ನೇ ಇಸವಿಯ ಒಂದು ಘಟನೆಯನ್ನು ನೆನಪಿಡಬೇಕು. ಜಮ್‌ಶೇಟ್‌ಜಿ ಟಾಟಾ ದೊಡ್ಡ ಉಕ್ಕಿನ ಕಾರ್ಖಾನೆ ಕಟ್ಟಬೇಕು ಅಂತ ಹೊರಟಿದ್ದರು. ಮಗ ದೊರಾಬ್ಜಿ ಟಾಟಾ ಮತ್ತು ಅಮೆರಿಕದ ಭೂವಿಜ್ಞಾನಿ ಚಾರ್ಲ್ಸ್ ವೆಲ್ಡ್ ಆ ವರ್ಷದ ಏಪ್ರಿಲ್ ತಿಂಗಳಲ್ಲಿ ಛತ್ತೀಸ್‌ಗಢದ ಕಾಡಿನಲ್ಲಿ ಅದಿರು ಹುಡುಕುತ್ತಿದ್ದರು. ಒಂದು ಹಳ್ಳಿಯ ಹತ್ತಿರ ಅಗರಿಯಾ ಗಂಡಸರು ಹೆಂಗಸರು ಬುಟ್ಟಿಯಲ್ಲಿ ಅದಿರು ಹೊತ್ತು ಹೋಗುತ್ತಿರುವುದು ಕಣ್ಣಿಗೆ ಬಿತ್ತು. ಎಲ್ಲಿಂದ ತರುತ್ತೀರಿ ಅಂತ ಕೇಳಿದರು. ಅವರು ದೂರದ ಬೆಟ್ಟವನ್ನು ತೋರಿಸಿದರು. ಅದು ರಾಜ್‌ಹರಾ ಬೆಟ್ಟ. ಹೋಗಿ ಪರೀಕ್ಷೆ ಮಾಡಿದರೆ ಜಗತ್ತಿನ ಒಳ್ಳೆಯ ಅದಿರುಗಳಲ್ಲಿ ಒಂದು! ಹತ್ತಿರದಲ್ಲಿ ಸಾಕಷ್ಟು ನೀರಿಲ್ಲ ಅಂತ ಟಾಟಾ ಕಾರ್ಖಾನೆ ಬೇರೆ ಕಡೆ ಆಯಿತು, ಜಮ್‌ಶೆಡ್‌ಪುರ ಹುಟ್ಟಿತು. ಮುಂದೆ ಸ್ವಾತಂತ್ರ್ಯ ಬಂದ ಮೇಲೆ ಸೋವಿಯತ್ ನೆರವಿನಿಂದ ಕಟ್ಟಿದ ಭಿಲಾಯಿ ಕಾರ್ಖಾನೆ 1959ರಲ್ಲಿ ಶುರುವಾದಾಗ ಅದಕ್ಕೆ ಅದಿರು ಕೊಟ್ಟದ್ದು ಇದೇ ಬೆಟ್ಟ.

ಬೆಟ್ಟವನ್ನು ‘ಕಂಡುಹಿಡಿದವರು’ ಯಾರು ಅಂತ ಪರೀಕ್ಷೆಯಲ್ಲಿ ಕೇಳಿದರೆ ಭೂವಿಜ್ಞಾನಿಯ ಹೆಸರು ಬರೆಯಬೇಕು. ತೋರಿಸಿದವರಿಗೆ ಹೆಸರೇ ಇಲ್ಲ. ಅವರು ಬೆಟ್ಟ ತೋರಿಸಿದಾಗ ಕಳ್ಳರ ಹಾಗೆ ಬಚ್ಚಿಟ್ಟು ಮಾತಾಡಲಿಲ್ಲ, ದಾರಿ ಕೇಳಿದವರಿಗೆ ದಾರಿ ಹೇಳುವ ಹಾಗೆ ಹೇಳಿದರು. ಬೆಟ್ಟ ಯಾರದಾದರೂ ಸ್ವತ್ತಾಗಬಹುದು, ಕಾಗದದ ಮೇಲೆ ಬರೆದು ಅದನ್ನು ಎತ್ತಿಕೊಂಡು ಹೋಗಬಹುದು ಅನ್ನುವ ವಿದ್ಯೆ ಅವರಿಗೆ ಗೊತ್ತಿರಲಿಲ್ಲ.

ಅದನ್ನು ಗೊತ್ತುಮಾಡಿಕೊಂಡ ಬಸ್ತರಿನ ಜನ ಸುಮ್ಮನೆ ಕೂರಲಿಲ್ಲ. 1905ರಲ್ಲಿ ಸರ್ಕಾರ ಮೂರನೇ ಎರಡು ಪಾಲು ಕಾಡನ್ನು ರಿಸರ್ವ್ ಮಾಡಲು ಹೊರಟಿತು. ಕುಮರಿ ಬೇಸಾಯ ನಿಲ್ಲಿಸಿ ಅಂದಿತು. ಅಧಿಕಾರಿಗಳಿಗೆ ಬಿಟ್ಟಿ ದುಡಿಮೆ, ಬಿಟ್ಟಿ ಸಾಮಾನು ಕೊಟ್ಟು ಜನ ರೋಸಿಹೋಗಿದ್ದರು. 1899-1900ರಲ್ಲಿ ಒಂದು, 1907-08ರಲ್ಲಿ ಇನ್ನೊಂದು ಬರ. 1910ರಲ್ಲಿ ಮಾವಿನ ಕೊಂಬೆ, ಮಣ್ಣಿನ ಹೆಂಟೆ, ಮೆಣಸಿನಕಾಯಿ, ಬಾಣ ಊರಿಂದೂರಿಗೆ ಹೋದವು. ಅದು ದಂಗೆಯ ಕರೆ. ಭೂಮಕಾಲ್ ಅಂತ ಅದರ ಹೆಸರು. ಸಂತೆಗಳನ್ನು, ಅಧಿಕಾರಿಗಳ ಮನೆಗಳನ್ನು ಜನ ಲೂಟಿ ಮಾಡಿದರು. ಅಡಗಿಸಲು ಸೈನ್ಯಕ್ಕೆ ಫೆಬ್ರವರಿಯಿಂದ ಮೇವರೆಗೆ ಮೂರು ತಿಂಗಳು ಹಿಡಿಯಿತು. ನಾಯಕ ಗುಂಡಾ ಧೂರ್ ಸರ್ಕಾರದ ಕೈಗೆ ಸಿಗಲೇ ಇಲ್ಲ. ರಿಸರ್ವ್ ಮಾಡುವ ಕಾಡನ್ನು 1910ಕ್ಕೆ ಮೊದಲು ಯೋಚಿಸಿದ್ದರ ಸುಮಾರು ಅರ್ಧಕ್ಕೆ ಇಳಿಸಬೇಕಾಯಿತು. ಆ ಕರೆಯ ಜೊತೆ ಹೋದ ಬಾಣಗಳ ಮೊನೆ ಬಡಿದವರು ಊರಿನ ಕಮ್ಮಾರರಲ್ಲದೆ ಇನ್ಯಾರು? ರಸ್ತೆ ಬದಿಯಲ್ಲಿ ಜಿಂಕೆ ಮಾರುವವರ ಹಿಂದಿನವರು ಬರೀ ಗೊಂಬೆ ಮಾಡಿಕೊಂಡಿದ್ದವರಲ್ಲ ಅನ್ನೋದು ನಮ್ಮ ಓದುಗರಿಗೆ ಗೊತ್ತಿರಲಿ.

ಬ್ರಿಟಿಷರು ಹೋದರು. ಬೆಟ್ಟ ವಾಪಸು ಬಂತೇ? ಬಸ್ತರಿನ ದಕ್ಷಿಣಕ್ಕೆ, ಈಗಿನ ದಂತೇವಾಡ ಜಿಲ್ಲೆಯಲ್ಲಿ, ಬೈಲಾಡಿಲಾ ಬೆಟ್ಟಸಾಲಿದೆ. ಹೆಸರಿನ ಅರ್ಥ ಎತ್ತಿನ ಹಿಣಿಲು. ಒಳ್ಳೆಯ ಜಾತಿಯ ಅದಿರಿನ ಹದಿನಾಲ್ಕು ನಿಕ್ಷೇಪಗಳು ಅಲ್ಲಿವೆ. 1960ರಲ್ಲಿ ಜಪಾನಿನ ಉಕ್ಕಿನ ಕಂಪನಿಗಳಿಗೆ ಅದಿರು ಕೊಡುವ ಒಪ್ಪಂದವಾಯಿತು. ಕಿರಂದುಲ್‌ನಿಂದ ವಿಶಾಖಪಟ್ಟಣದ ಕಡೆಗೆ ಬೆಟ್ಟ ಕೊರೆದು ರೈಲು ಹಾದಿ ಹಾಕಿದರು. 1968ರಲ್ಲಿ ಸರ್ಕಾರಿ ಕಂಪನಿ ಎನ್‌ಎಂಡಿಸಿಯ ಗಣಿ ಶುರುವಾಯಿತು. ಬಸ್ತರಿನ ಎಷ್ಟೋ ಹಳ್ಳಿಗಳಿಗೆ ಬಸ್ಸು ಇಲ್ಲದ ಕಾಲದಲ್ಲಿ ಅದಿರಿಗೆ ಸಮುದ್ರದವರೆಗೆ ರೈಲು ಬಂತು. ಇದೇ ಕಂಪನಿ ನಮ್ಮ ಬಳ್ಳಾರಿ ಸೀಮೆಯ ದೋಣಿಮಲೈಯಲ್ಲೂ 1977ರಿಂದ ಅದಿರು ತೆಗೆಯುತ್ತಾ ಬಂದಿದೆ. ಸಂಡೂರಿನ ಕೆಂಪು ಧೂಳು ಕುಡಿದವರಿಗೆ ಬೈಲಾಡಿಲಾ ದೂರದ ಊರಲ್ಲ.

ಬೈಲಾಡಿಲಾದಲ್ಲಿ ಕೈಯಿಂದ ಅದಿರು ಒಡೆಯುತ್ತಿದ್ದ ಗುತ್ತಿಗೆ ಕೂಲಿಗಳನ್ನು ಯಂತ್ರ ಬಂದ ಮೇಲೆ ಹೊರಗೆ ಹಾಕಲು ನೋಡಿದರು. 1978ರ ಏಪ್ರಿಲ್ 5ರಂದು ಕಿರಂದುಲ್‌ನಲ್ಲಿ ಪೊಲೀಸರು ಗುಂಡು ಹಾರಿಸಿ ಕೂಲಿಗಳನ್ನು ಕೊಂದರು, ಅವರ ಗುಡಿಸಲುಗಳು ಸುಟ್ಟುಹೋದವು. ಅತ್ತ ದಲ್ಲಿ-ರಾಜ್‌ಹರಾದಲ್ಲಿ, ಅಗರಿಯಾ ಜನ ತೋರಿಸಿಕೊಟ್ಟ ಆ ಬೆಟ್ಟದಲ್ಲಿಯೇ, 1977ರಲ್ಲಿ ಗುತ್ತಿಗೆ ಕೂಲಿಗಳು ತಮ್ಮದೇ ಸಂಘ ಕಟ್ಟಿದರು. ಶಂಕರ್ ಗುಹಾ ನಿಯೋಗಿ ಅವರ ಮುಂದಾಳು. ಯಂತ್ರ ಬೇಕೋ ಬೇಡವೋ ಅನ್ನುವುದನ್ನು ದುಡಿಯುವವರನ್ನು ಕೇಳಿ ತೀರ್ಮಾನಿಸಿ ಅಂದರು. 1983ರಲ್ಲಿ ತಮ್ಮ ದುಡ್ಡು ತಮ್ಮ ದುಡಿಮೆಯಿಂದ ಶಹೀದ್ ಆಸ್ಪತ್ರೆ ಕಟ್ಟಿದರು. 1991ರ ಸೆಪ್ಟೆಂಬರ್ 28ರಂದು ಭಿಲಾಯಿಯಲ್ಲಿ ನಿಯೋಗಿಯನ್ನು ಮಲಗಿದ್ದಲ್ಲೇ ಗುಂಡಿಟ್ಟು ಕೊಂದರು.

ಈ ಗಣಿಗಳ ಪಕ್ಕದಲ್ಲೇ ಇನ್ನೊಂದು ಬದಲಾವಣೆ ನಡೆಯುತ್ತಿತ್ತು. ಕಾರ್ಖಾನೆಯ ಕುಳ, ಕೊಡಲಿ ಸಂತೆಗೆ ಬಂದು ಕಮ್ಮಾರನ ಊರ ಕೆಲಸ ಕಡಿಮೆಯಾಯಿತು. ಅದೇ ಹೊತ್ತಿಗೆ ಅವನ ದೀಪ, ಹರಕೆಯ ಕುದುರೆಗಳು ಪಟ್ಟಣದವರ ಕಣ್ಣಿಗೆ ಬಿದ್ದವು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಹುಟ್ಟಿತ್ತು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಬಹಳ ವರ್ಷ ಅದನ್ನು ನಡೆಸಿದರು. ಕುಶಲಕರ್ಮಿ ಉಳಿಯಬೇಕು ಅಂತ ಅವರು ಪಟ್ಟ ಪಾಡು ಸಣ್ಣದಲ್ಲ. 1982ರಲ್ಲಿ ಭೋಪಾಲಿನ ಭಾರತ ಭವನ ಶುರುವಾದಾಗ ಚಿತ್ರಕಾರ ಜೆ. ಸ್ವಾಮಿನಾಥನ್ ಆದಿವಾಸಿಗಳ ಕೆಲಸವನ್ನು ಪಟ್ಟಣದ ಕಲಾವಿದರ ಕೆಲಸದ ಜೊತೆಗೇ ಸಮನಾಗಿ ಇಟ್ಟರು. ಇವು ಒಳ್ಳೆಯ ಕೆಲಸಗಳೇ. ಆದರೆ ಮ್ಯೂಸಿಯಂ ಒಳಗೆ ಹೋದ ಕೆಲವು ಕುದುರೆಗಳು ಕಲೆಯಾದವು, ಹೊರಗೆ ರಸ್ತೆ ಬದಿಯಲ್ಲಿ ನಿಂತ ಸಾವಿರಾರು ಕುದುರೆಗಳು ಗುಜರಿಯಾಗಿಯೇ ಉಳಿದವು. ಬೆಂಕಿ ಅದೇ, ಸುತ್ತಿಗೆ ಅದೇ, ಕೈಯೂ ಅಂಥದೇ. ನಡುವೆ ನಿಂತವನು ವ್ಯಾಪಾರಿ. ಅವನು ಸಗಟಿನಲ್ಲಿ ಕೊಂಡು ದೆಹಲಿ, ಮುಂಬಯಿ, ಬೆಂಗಳೂರಿನ ಅಂಗಡಿಯಲ್ಲಿ ಗಾಜಿನ ಹಿಂದೆ ಇಟ್ಟಾಗ ಚೀಟಿಯಲ್ಲಿ ಅಂಗಡಿಯ ಹೆಸರು ಇರುತ್ತದೆ, ಬೆಲೆ ಇರುತ್ತದೆ, ಮಾಡಿದವನ ಹೆಸರು ಇರುವುದಿಲ್ಲ. ಅಲ್ಲಿ ಯಾರೂ ಚೌಕಾಸಿ ಮಾಡುವುದಿಲ್ಲ. ಬಿಸಿಲಲ್ಲಿ ನೆಲದ ಮೇಲೆ ಕೂತವನ ಹತ್ತಿರ ಮಾತ್ರ ಚೌಕಾಸಿ.

ಇದು ಬರೀ ಮಾರುಕಟ್ಟೆಯ ಗುಣವಲ್ಲ, ಜಾತಿಯ ಗುಣ. 1936ರ ಜಾತಿವಿನಾಶದಲ್ಲಿ ಅಂಬೇಡ್ಕರ್ ಅವರು ದುಡಿಯುವವರನ್ನೇ ಈ ವ್ಯವಸ್ಥೆ ಹೇಗೆ ಮೇಲು ಕೀಳಿನ ಅಟ್ಟಗಳಾಗಿ ಒಡೆದಿದೆ ಅನ್ನೋದನ್ನು ಬಿಡಿಸಿಟ್ಟರು. ಮಸಿ ಹತ್ತಿದ ಕೈ ಕೀಳು, ಮಸಿ ಹತ್ತದ ಕೈ ಮೇಲು. ಮಸಿ ಹತ್ತಿದ ಕೈಯಿಂದ ಬಂದ ವಸ್ತುವಿಗೆ ಸಾಮಾನಿನ ಬೆಲೆ ಮಾತ್ರ ಹಿಡಿಯುತ್ತೇವೆ, ತಲೆಯ ಬೆಲೆ ಹಿಡಿಯುವುದಿಲ್ಲ. ಡಾಕ್ಟರ ಚೀಟಿಯನ್ನು ಕಾಗದದ ತೂಕಕ್ಕೆ ಕೇಳುವವರಿಲ್ಲ. ವಕೀಲನ ಮಾತನ್ನು ಗಾಳಿ ತಾನೆ ಅನ್ನುವವರಿಲ್ಲ. ಜಿಂಕೆಯನ್ನು ಮಾತ್ರ ಗುಜರಿ ತಾನೆ ಅನ್ನುತ್ತೇವೆ. ಯಾಕೆಂದರೆ ಕಮ್ಮಾರನಿಗೆ ತಲೆ ಇದೆ ಅಂತ ಈ ಸಮಾಜ ಇವತ್ತಿಗೂ ಒಪ್ಪಿಲ್ಲ.

ಸರ್ಕಾರ ಏನೂ ಮಾಡಿಲ್ಲ ಅಂತ ಅನ್ನಲಾಗದು. ಬಸ್ತರಿನ ಕಬ್ಬಿಣದ ಕೆಲಸಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿದೆ. 2023ರ ಸೆಪ್ಟೆಂಬರ್ 17ರಂದು ಶುರುವಾದ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಇದೆ. ತರಬೇತಿಗೆ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿ, ಶೇಕಡಾ 5ರ ಬಡ್ಡಿಗೆ ಮೊದಲು 1 ಲಕ್ಷ, ಆಮೇಲೆ 2 ಲಕ್ಷ ಸಾಲ. ಸಿಕ್ಕವರು ತೆಗೆದುಕೊಳ್ಳಲಿ, ಅದು ಅವರ ಹಕ್ಕು. ಆದರೆ ಇದರೊಳಗಿನ ಯೋಚನೆಯನ್ನು ಗಮನಿಸಿ. ಕಮ್ಮಾರನಿಗೆ ತರಬೇತಿ ಕೊಡುತ್ತಾರೆ, ಸಾಲ ಕೊಡುತ್ತಾರೆ. ಕಬ್ಬಿಣ ಕೊಡುವುದಿಲ್ಲ, ಇದ್ದಿಲು ಕೊಡುವುದಿಲ್ಲ, ನ್ಯಾಯದ ಬೆಲೆ ಕೊಡುವುದಿಲ್ಲ. ಕೊರತೆ ಅವನ ಕೈಯಲ್ಲಿದೆ ಅನ್ನುವ ಹಾಗೆ ಯೋಜನೆ ಮಾಡುತ್ತಾರೆ. 2023ರ ಅಕ್ಟೋಬರ್ 3ರಂದು ಜಗದಲ್‌ಪುರದ ಹತ್ತಿರ ನಗರ್‌ನಾರ್‌ನಲ್ಲಿ ವರ್ಷಕ್ಕೆ 30 ಲಕ್ಷ ಟನ್ ಉಕ್ಕು ತೆಗೆಯಬಲ್ಲ ಕಾರ್ಖಾನೆಯನ್ನು ಉದ್ಘಾಟಿಸಿದರು. ಬೈಲಾಡಿಲಾದ ಅದಿರು ಈಗ ಬಸ್ತರಿನಲ್ಲೇ ಉಕ್ಕಾಗುತ್ತಿದೆ. ಆ ಕಾರ್ಖಾನೆಯ ತುಂಡು ಸರಳು ಕೊಂಡಗಾಂವ್‌ನ ಕುಲುಮೆಗೆ ನ್ಯಾಯದ ದರದಲ್ಲಿ ಬರಲಿ ಅಂತ ಕೇಳುವುದು ದೊಡ್ಡ ಮಾತೇ?

ಹಾಗಾದರೆ ಕೇಳಬೇಕಾದ್ದು ಏನು? 2006ರ ಅರಣ್ಯ ಹಕ್ಕು ಕಾಯ್ದೆ ನಿಸ್ತಾರ್, ಅಂದರೆ ಊರವರು ದಿನಬಳಕೆಗೆ ಕಾಡಿನಿಂದ ತರುವ ಹಕ್ಕನ್ನು ಒಪ್ಪಿಕೊಂಡಿದೆ. ಕುಲುಮೆಯ ಇದ್ದಿಲೂ ಅದರೊಳಗೆ ಬರಬೇಕು. 2015ರಲ್ಲಿ ಗಣಿ ಕಾಯ್ದೆಗೆ ತಿದ್ದುಪಡಿಯಾಗಿ ಜಿಲ್ಲಾ ಖನಿಜ ನಿಧಿಗಳು ಬಂದಿವೆ. ಗಣಿಯ ರಾಜಧನದ ಜೊತೆ ಕಂಪನಿಗಳು ಕಟ್ಟುವ ಆ ಹಣದಲ್ಲಿ ಕಮ್ಮಾರನಿಗೂ ಪಾಲು ಸಿಗಬೇಕು. ಗಣಿ ದಂತೇವಾಡದಲ್ಲಿ, ಕಮ್ಮಾರ ಕೊಂಡಗಾಂವ್‌ನಲ್ಲಿ. ಬೆಟ್ಟದಿಂದ ಬದುಕು ಕಳೆದುಕೊಂಡವನಿಗೆ ಜಿಲ್ಲೆಯ ಗಡಿ ಅಡ್ಡ ಬರಬಾರದು. ಅಂಗಡಿಯ ಚೀಟಿಯಲ್ಲಿ ಮಾಡಿದವನ ಹೆಸರು, ಅವನಿಗೆ ಸಂದ ಹಣ ಎರಡೂ ಇರಬೇಕು. ಸರ್ಕಾರದ ಮೇಳಗಳಲ್ಲಿ ಕನಿಷ್ಠ ಕೂಲಿಯ ಲೆಕ್ಕ ಹಾಕಿ ತಳಬೆಲೆ ಗೊತ್ತುಮಾಡಬೇಕು. ಇವೆಲ್ಲ ದಾನದ ಮಾತಲ್ಲ, ಬಾಕಿಯ ಮಾತು. ಆ ಬಾಕಿ ಗೊಂಬೆ ಮಾಡುವವನಿಗಷ್ಟೇ ಅಲ್ಲ, ಅವನ ಮಗಳಿಗೂ ಸಲ್ಲಬೇಕು. ಅವಳು ಕುಲುಮೆ ಬೇಡ, ಇಂಜಿನಿಯರ್ ಆಗುತ್ತೇನೆ ಅಂದರೆ ಆ ದಾರಿಯೂ ತೆರೆದಿರಬೇಕು. ಕಸುಬು ಉಳಿಯಲಿ ಅಂತ ಮಕ್ಕಳನ್ನು ಕಸುಬಿಗೆ ಕಟ್ಟಿಹಾಕಿದರೆ ಅದು ಜಾತಿಯೇ ಆಗುತ್ತದೆ.

ನಮ್ಮ ಹಳ್ಳಿ ಶಾಲೆಗಳ ಮೇಷ್ಟ್ರುಗಳಿಗೆ, ವಿದ್ಯಾರ್ಥಿ ಗೆಳೆಯರಿಗೆ ಒಂದು ಕೆಲಸವಿದೆ. ನಮ್ಮ ಗುಡ್ಡಗಳ ಬುಡದಲ್ಲಿ, ಹೊಲದ ಬದುಗಳಲ್ಲಿ ಕಪ್ಪಗೆ, ತೂತು ತೂತಾಗಿ, ಕಲ್ಲಿಗಿಂತ ಭಾರವಾದ ಕಿಟ್ಟದ ಗಡ್ಡೆಗಳು ಇನ್ನೂ ಸಿಗುತ್ತವೆ. ಅದು ಆರಿದ ಕುಲುಮೆಯ ಗುರುತು. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ. ಊರಿನ ಹಿರಿಯ ಕಮ್ಮಾರರು ಇದ್ದರೆ ಅವರ ಅಜ್ಜಂದಿರು ಯಾವ ಬೆಟ್ಟದಿಂದ ಅದಿರು ತರುತ್ತಿದ್ದರು, ಯಾವ ಮರದ ಇದ್ದಿಲು ಸುಡುತ್ತಿದ್ದರು, ತಿದಿ ಒತ್ತುತ್ತಿದ್ದ ಅಜ್ಜಿಯ ಹೆಸರೇನು ಅಂತ ಕೇಳಿ ಬರೆದಿಡಿ. ಶಾಸನ ಕೆತ್ತಿಸಿದ ರಾಜರ ಚರಿತ್ರೆಯನ್ನು ಬರೆಯಲು ಬೇಕಾದಷ್ಟು ಜನ ಇದ್ದಾರೆ. ಆ ಶಾಸನ ಕೆತ್ತಿದ ಉಳಿಯನ್ನು ಬಡಿದುಕೊಟ್ಟವನ ಚರಿತ್ರೆಯನ್ನು ನಾವೇ ಬರೆಯಬೇಕು. ಬೆಂಗಳೂರಿನ ಕರಕುಶಲ ಮೇಳಕ್ಕೆ ಬಸ್ತರಿನ ಜಿಂಕೆ ಬಂದಾಗ ಬೆಲೆ ಕೇಳುವ ಮೊದಲು ಮಾಡಿದವನ ಹೆಸರು ಕೇಳಿ. ಆಮೇಲೆ ಅವನು ಹೇಳಿದಷ್ಟು ಕೊಡಿ.